ಮಾವನಿಗೆ ಮಾರ್ಫಿನ್ ಶುರುವಾಗಿದೆ. ಮನೆಯಲ್ಲಿ ಕುಡಿಯುವವರೂ ಇದ್ದಾರೆ. ಮಾತ್ರೆ ಹೇಗೆ ಇಟ್ಟುಕೊಳ್ಳುವುದು?

ಶರಾವತಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ ನಾಲಿಗೆಯ ಕ್ಯಾನ್ಸರ್. ರೇಡಿಯೇಷನ್ ಮುಗಿದಿದೆ, ಆಪರೇಷನ್ ಮಾಡುವ ಹಾಗಿಲ್ಲ ಅಂದಿದ್ದಾರೆ. ನೋವು ನಾಲಿಗೆಯಿಂದ ಕಿವಿಯವರೆಗೂ ಹೊಡೆಯುತ್ತದೆ. ಮೂಗಿನಲ್ಲಿ ನಳಿಕೆ ಇದೆ, ಗಂಜಿ, ಔಷಧಿ ಎಲ್ಲ ಅದರಲ್ಲೇ ಹೋಗಬೇಕು. ಟ್ರಮಡಾಲ್‌ಗೆ ನೋವು ಬಗ್ಗಲಿಲ್ಲ. ಹಾಗಾಗಿ ಮಾರ್ಫಿನ್ 10 ಮಿಲಿಗ್ರಾಂ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಲು ಬರೆದಿದ್ದಾರೆ.

ಮಾತ್ರೆ ಕೊಟ್ಟರೆ ಸ್ವಲ್ಪ ಹೊತ್ತಿಗೇ ಮುಖದ ಬಿಗಿ ಸಡಿಲ ಆಗುವುದು ಕಾಣುತ್ತದೆ. ಆದರೆ ಮಾವ ತಾವಾಗಿಯೇ ಒಂದು ಹೊತ್ತು ಬಿಡುತ್ತಾರೆ. "ಚಟ ಆಗ್ತದೆ, ತಡೆಯುವಷ್ಟು ತಡೀತೀನಿ" ಎಂದು ಬರೆದು ತೋರಿಸುತ್ತಾರೆ. ನೋಡಲು ಬಂದ ನೆಂಟರೂ ಅದನ್ನೇ ಹೇಳಿ ಹೋಗುತ್ತಾರೆ.

ಇನ್ನೊಂದು ವಿಷಯ. ಮೈದುನ ಕುಡಿಯುತ್ತಾನೆ. ಮೊದಲು ಯಾವುದೋ ಕೆಮ್ಮಿನ ಸಿರಪ್, ನೋವಿನ ಮಾತ್ರೆಗಳ ಅಭ್ಯಾಸವೂ ಇತ್ತು. ಆಸ್ಪತ್ರೆಯಲ್ಲಿ "ಮನೆಯಲ್ಲಿ ಯಾರಿಗಾದರೂ ಕುಡಿತ, ಮಾತ್ರೆ ಅಭ್ಯಾಸ ಇದೆಯಾ?" ಎಂದು ಕೇಳಿದಾಗ ಅತ್ತೆ ನನಗಿಂತ ಮೊದಲೇ "ಇಲ್ಲ" ಅಂದುಬಿಟ್ಟರು. ಅತ್ತೆಯ ಮರ್ಯಾದೆ ಪ್ರಶ್ನೆ, ನನಗೆ ಅರ್ಥ ಆಗುತ್ತದೆ. ಆದರೆ ಮಾತ್ರೆಯ ಪಟ್ಟಿ (ಸ್ಟ್ರಿಪ್) ಈಗ ದೇವರ ಕೋಣೆಯ ಗೂಡಿನಲ್ಲಿದೆ, ಯಾರು ಬೇಕಾದರೂ ತೆಗೆಯಬಹುದು. ಏನು ಮಾಡಲಿ? ಗೊತ್ತಿರುವವರು ಹೇಳಿ.

ಹಾಸನದ ಸಿಸ್ಟರ್

ತಂಗಿ, ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಮನೆಮನೆಗೆ ಹೋಗುವ ತಂಡ ನಮ್ಮದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಧಾನವಾಗಿ ಓದಿ.

ಮೊದಲು ಮಾವನ ವಿಷಯ. ನೋವಿಗಾಗಿ, ಬರೆದಷ್ಟೇ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಚಟಕ್ಕೆ ಬೀಳುವ ಅಪಾಯ ಕಡಿಮೆ. ದೇಹ ಔಷಧಿಗೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಕೆಲವು ವಾರ ತೆಗೆದುಕೊಂಡವರು ದಿಢೀರ್ ನಿಲ್ಲಿಸಿದರೆ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ, ಚಡಪಡಿಕೆ ಬರುತ್ತದೆ. ಅದು ದೇಹದ ಒಗ್ಗಿಕೆ. ಡಾಕ್ಟರ್ ನಿಧಾನಕ್ಕೆ ಇಳಿಸಿದರೆ ಆ ತೊಂದರೆ ಬಾರದ ಹಾಗೆ ನೋಡಿಕೊಳ್ಳಬಹುದು. ಚಟ ಅಂದರೆ ನೋವು ಇರಲಿ ಬಿಡಲಿ ಅದೇ ಬೇಕು ಅನ್ನಿಸುವುದು, ಹಾಳಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದೇ ಇರುವುದು.

ನೋವು ಬರುವವರೆಗೆ ಕಾದು ಕೊಡಬೇಡಿ. ಈ ಮಾತ್ರೆಯ ಕೆಲಸ ಸುಮಾರು ನಾಲ್ಕು ಗಂಟೆ, ಅದಕ್ಕೇ ನಾಲ್ಕು ಗಂಟೆಗೊಮ್ಮೆ. ಒಂದು ಹೊತ್ತು ಬಿಟ್ಟರೆ ನೋವು ಏರುತ್ತದೆ. ಆಮೇಲೆ ಕಂಗಾಲಾಗಿ "ಇನ್ನೊಂದು ಕೊಡಿ, ಇನ್ನೊಂದು ಕೊಡಿ" ಅನ್ನುವ ಪರಿಸ್ಥಿತಿ ಬರುತ್ತದೆ. ನೋಡಿದವರು ಅದನ್ನೇ ಚಟ ಅನ್ನುತ್ತಾರೆ. ಆ ಮನುಷ್ಯ ಕೇಳುತ್ತಿರುವುದು ನೋವು ನಿಲ್ಲಲಿ ಅಂತ ಅಷ್ಟೇ. ಹೊತ್ತುಹೊತ್ತಿಗೆ ಕೊಟ್ಟ ಮನೆಗಳಲ್ಲಿ ಈ ಹಪಹಪಿ ಇಲ್ಲವೆನ್ನುವಷ್ಟು ಕಡಿಮೆ.

ನಳಿಕೆಯ ಬಗ್ಗೆ ಒಂದು ಮಾತು. ಸಾದಾ ಮಾರ್ಫಿನ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬಹುದು. ಹನ್ನೆರಡು ಗಂಟೆ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಬಗೆಯ ಮಾತ್ರೆ ಇದೆ. ಅದನ್ನು ಯಾವತ್ತೂ ಪುಡಿ ಮಾಡಬಾರದು, ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಮುಂದೆ ಮಾತ್ರೆ ಬದಲಾದರೆ "ಇದನ್ನು ನಳಿಕೆಯಲ್ಲಿ ಹಾಕಬಹುದಾ?" ಎಂದು ಕೇಳಿಯೇ ಮನೆಗೆ ತನ್ನಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ದೇವರ ಕೋಣೆಯ ಗೂಡು ಬೇಡ, ಇವತ್ತೇ ತೆಗೆಯಿರಿ. ಬೀಗ ಹಾಕುವ ಸಣ್ಣ ಕಬ್ಬಿಣದ ಪೆಟ್ಟಿಗೆ ಸಾಕು. ಬೀರುವಿನ ಒಳಗಿನ ಖಾನೆಗೆ ಬೀಗ ಇದ್ದರೆ ಅದೂ ಆಗುತ್ತದೆ. ಕೀಲಿ ಒಬ್ಬರ ಹತ್ತಿರ, ಅವರು ಇಲ್ಲದಾಗ ಯಾರು ಎಂಬುದು ಮೊದಲೇ ಗೊತ್ತಿರಲಿ. ಒಂದು ನೋಟ್‌ಪುಸ್ತಕ ಇಡಿ. ಹೊತ್ತು, ಎಷ್ಟು ಕೊಟ್ಟಿರಿ, ನೋವು ಹತ್ತರಲ್ಲಿ ಎಷ್ಟು, ಕೊನೆಗೆ ಎಷ್ಟು ಮಾತ್ರೆ ಉಳಿದಿದೆ. ಈ ಕೊನೆಯ ಸಾಲು ಬಹಳ ಮುಖ್ಯ. ದಿನಾ ರಾತ್ರಿ ಎಣಿಸಿದರೆ ಒಂದು ಮಾತ್ರೆ ಕಡಿಮೆಯಾದರೂ ಮರುದಿನವೇ ಗೊತ್ತಾಗುತ್ತದೆ. ತಿಂಗಳ ಕೊನೆಯಲ್ಲಿ ಗೊತ್ತಾದರೆ ಮನೆಯಲ್ಲಿ ಜಗಳ ಬಿಟ್ಟು ಬೇರೇನೂ ಸಿಗುವುದಿಲ್ಲ.

ಮತ್ತೆ ಡಾಕ್ಟರ್‌ಗೆ ಮೈದುನನ ವಿಷಯ ಹೇಳಲೇಬೇಕು. ಹೇಳಿದರೆ ಮಾವನ ಮಾತ್ರೆ ನಿಲ್ಲಿಸುತ್ತಾರೆ ಎಂಬ ಭಯ ಇದ್ದರೆ ಬಿಡಿ. ತಿಂಗಳಿಗೆ ಕೊಡುವ ಬದಲು ವಾರಕ್ಕೆ ಬೇಕಾದಷ್ಟು ಕೊಡುತ್ತಾರೆ, ಮುಂದಿನ ಸಲ ಖಾಲಿ ಪಟ್ಟಿ ತರಲು ಹೇಳುತ್ತಾರೆ. ಅತ್ತೆಯ ಎದುರು ಹೇಳಲು ಆಗದಿದ್ದರೆ ನರ್ಸ್ ಹತ್ತಿರ ಒಬ್ಬರೇ ಮಾತಾಡಿ. ಇಂಥ ಮಾತು ನಮಗೆ ದಿನಾ ಬರುತ್ತದೆ, ಯಾರೂ ನಿಮ್ಮ ಮನೆಯನ್ನು ಕೀಳಾಗಿ ನೋಡುವುದಿಲ್ಲ.

ಬಯಲುಸೀಮೆ

ಸಿಸ್ಟರ್, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನಮ್ಮ ಚಿಕ್ಕಪ್ಪನಿಗೆ ಮಾರ್ಫಿನ್ ಶುರು ಮಾಡಿದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಅದು ಕೊನೆಯ ಔಷಧಿ, ಕೊಟ್ಟರೆ ಬೇಗ ಹೋಗುತ್ತಾರೆ ಅಂತಲೇ ನಮ್ಮ ಕಡೆ ಎಲ್ಲರೂ ಹೇಳುವುದು. ಇಷ್ಟು ಬೀಗ, ಇಷ್ಟು ಲೆಕ್ಕ ಬೇಕು ಅಂದರೆ ಅದು ಅಪಾಯದ ವಸ್ತು ಅಂತಲೇ ಅಲ್ವಾ? ಹಾಗಿದ್ದಮೇಲೆ ಮನೆಗೆ ಯಾಕೆ ತರಬೇಕು?

ಹಾಸನದ ಸಿಸ್ಟರ್

ಅಣ್ಣ, ಚಿಕ್ಕಪ್ಪನ ವಿಷಯ ಕೇಳಿ ಬೇಸರವಾಯಿತು. ಈ ಮಾತು ತುಂಬಾ ಮನೆಗಳಲ್ಲಿ ಕೇಳಿದ್ದೇನೆ. ನಮ್ಮಲ್ಲಿ ಮಾರ್ಫಿನ್ ಕೊಡುವುದೇ ತಡ. ಎಲ್ಲ ಮುಗಿದ ಮೇಲೆ, ಕೊನೆಯ ದಿನಗಳಲ್ಲಿ ಶುರು ಮಾಡುತ್ತಾರೆ. ಕಾಯಿಲೆಯಿಂದ ಆದ ಸಾವನ್ನು ಜನ ಮಾತ್ರೆಯ ತಲೆಗೆ ಕಟ್ಟುತ್ತಾರೆ. ಸರಿಯಾದ ಪ್ರಮಾಣದಲ್ಲಿ ಶುರು ಮಾಡಿ ನೋವು ನೋಡಿಕೊಂಡು ಏರಿಸಿದರೆ, ತಿಂಗಳುಗಟ್ಟಲೆ ತೆಗೆದುಕೊಂಡು ಎದ್ದು ಓಡಾಡುವವರಿದ್ದಾರೆ.

ಅಪಾಯ ಇಲ್ಲ ಎಂದು ಹೇಳುತ್ತಿಲ್ಲ. ನೋವಿರುವ ಮನುಷ್ಯನಿಗೆ ಅಳತೆ ನೋಡಿ ಕೊಟ್ಟ ಮಾತ್ರೆಯನ್ನೇ ಅಭ್ಯಾಸವಿಲ್ಲದ ಇನ್ನೊಬ್ಬ, ಅದರಲ್ಲೂ ಕುಡಿದಿರುವವನು ನುಂಗಿದರೆ ಉಸಿರು ನಿಲ್ಲಬಹುದು. ಮಕ್ಕಳಿಗೆ ಒಂದೇ ಮಾತ್ರೆಯೂ ಅಪಾಯ. ಬೀಗ ಅದಕ್ಕೆ.

ರೋಗಿಯಲ್ಲೂ ಗಮನಿಸಬೇಕಾದ್ದಿದೆ. ಮೊದಲ ಕೆಲವು ದಿನ ಮಂಪರು, ವಾಂತಿ ಬರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಬೇಕು. ಎಷ್ಟೋ ಜನ ಹೊಟ್ಟೆ ಕಟ್ಟಿಕೊಂಡ ಕಾರಣಕ್ಕೇ ಮಾರ್ಫಿನ್ ಬಿಡುತ್ತಾರೆ. ಕಿಡ್ನಿ ಕೆಟ್ಟಿದ್ದರೆ ಔಷಧಿ ದೇಹದಲ್ಲೇ ಉಳಿಯುತ್ತಾ ಹೋಗುತ್ತದೆ. ಮೂತ್ರ ಕಡಿಮೆಯಾಗಿ ಜಾಸ್ತಿ ನಿದ್ದೆ, ಮೈ ಥಟ್ಟನೆ ಅದುರುವುದು ಕಂಡರೆ ತಕ್ಷಣ ಹೇಳಬೇಕು. ಆಲ್‌ಪ್ರಜೊಲಾಮ್‌ನಂಥ ನಿದ್ದೆ ಮಾತ್ರೆಯನ್ನು ಡಾಕ್ಟರ್‌ಗೆ ಹೇಳದೆ ಜೊತೆಗೆ ಕೊಡಬೇಡಿ, ಸಾರಾಯಿಯಂತೂ ಬೇಡವೇ ಬೇಡ. ಅಲ್ಲಾಡಿಸಿದರೂ ಏಳುತ್ತಿಲ್ಲ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ ಅಂದರೆ 108ಕ್ಕೆ ಕರೆ ಮಾಡಿ. ನ್ಯಾಲೊಕ್ಸೋನ್ ಎಂಬ ಇಂಜೆಕ್ಷನ್ ಇದೆ, ಮಾರ್ಫಿನ್‌ನ ಪರಿಣಾಮವನ್ನು ತಡೆಯುತ್ತದೆ.

ಧಾರವಾಡ ಫಾರ್ಮಸಿ

ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಮಾರ್ಫಿನ್ ದಾಸ್ತಾನು ಪುಸ್ತಕ ನೋಡಿಕೊಳ್ಳುವವನು ನಾನು. ಬಯಲುಸೀಮೆಯವರ ಭಯಕ್ಕೆ ಒಂದು ಇತಿಹಾಸ ಇದೆ, ಅದನ್ನು ಹೇಳಬೇಕು.

1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂತು. ಮಾದಕ ವಸ್ತು ತಡೆಯಲು ಮಾಡಿದ ಬಿಗಿ ಕಾನೂನು. ಮಾರ್ಫಿನ್ ಇಟ್ಟುಕೊಳ್ಳಲು ಒಂದರ ಮೇಲೊಂದು ಲೈಸೆನ್ಸ್, ತಪ್ಪಿದರೆ ಜೈಲು. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದಲ್ಲಿ ಔಷಧಿಯಾಗಿ ಬಳಕೆಯಾದ ಮಾರ್ಫಿನ್ ಸುಮಾರು 18 ಕೆಜಿಗೆ ಇಳಿದಿತ್ತು. ಮಾರ್ಫಿನ್ ತೆಗೆಯುವುದು ಅಫೀಮಿನಿಂದ, ನಮ್ಮದು ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ, ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹಾಗಿದ್ದೂ ನಮ್ಮ ರೋಗಿಗಳು ಒದ್ದಾಡಿದರು. ಒಂದು ತಲೆಮಾರಿನ ಡಾಕ್ಟರ್‌ಗಳು ಮಾರ್ಫಿನ್ ಬರೆಯಲು ಕಲಿಯದೆಯೇ ಓದು ಮುಗಿಸಿದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸುಲಭವಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್ ಮುಂತಾದವು ಅಗತ್ಯ ಮಾದಕ ಔಷಧಿಗಳ ಪಟ್ಟಿಗೆ ಬಂದವು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಇವನ್ನು ಇಟ್ಟುಕೊಳ್ಳಬಹುದು. ತರಬೇತಿ ಪಡೆದ ಡಾಕ್ಟರ್ ಬರೆಯುತ್ತಾರೆ, ರೋಗಿಯ ಹೆಸರು, ಮಾತ್ರೆಯ ಲೆಕ್ಕ ನಮ್ಮ ಪುಸ್ತಕದಲ್ಲಿ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಗೊತ್ತೇ ಇದೆ. ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

"ಮನೆಗೆ ಯಾಕೆ ತರಬೇಕು" ಎಂಬ ಪ್ರಶ್ನೆಗೆ ಉತ್ತರ ಕೋಳಿಕ್ಕೋಡಿನಲ್ಲಿದೆ. ಅಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಚಿಕಿತ್ಸಾಲಯ ಶುರು ಮಾಡಿದರು. ಮಾರ್ಫಿನ್ ಮಾತ್ರೆಯನ್ನು ರೋಗಿಗಳ ಮನೆಗೇ ಕೊಟ್ಟು ಕಳಿಸುತ್ತಿದ್ದರು. ಎರಡು ವರ್ಷದಲ್ಲಿ ಹೀಗೆ ಪಡೆದ 1,723 ರೋಗಿಗಳನ್ನು ಗಮನಿಸಿದಾಗ ದುರುಪಯೋಗ ಅಥವಾ ಹೊರಗೆ ಸಾಗಿಸಿದ ಒಂದು ಪ್ರಕರಣವೂ ಕಂಡುಬರಲಿಲ್ಲ. 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಾಪಾಡಿದ್ದು ಏನು? ರೋಗಿಯ ಪರಿಚಯ ಇತ್ತು, ಮನೆಯ ಪರಿಚಯ ಇತ್ತು, ಲೆಕ್ಕ ಇತ್ತು. ಬೀಗ, ನೋಟ್‌ಪುಸ್ತಕ, ಖಾಲಿ ಪಟ್ಟಿ ಅಂತ ಸಿಸ್ಟರ್ ಹೇಳುತ್ತಿರುವುದೂ ಅದೇ ಜಾಡು. ಲೆಕ್ಕ ಸರಿಯಿದ್ದರೆ ಡಾಕ್ಟರ್ ಧೈರ್ಯವಾಗಿ ಬೇಕಾದಷ್ಟು ಬರೆಯುತ್ತಾರೆ.

ನನಗೆ ಮಾರ್ಫಿನ್‌ಗಿಂತ ಜಾಸ್ತಿ ಚಿಂತೆ ಟ್ರಮಡಾಲ್ ಮತ್ತು ಅದೇ ಬಗೆಯ ನೋವಿನ ಮಾತ್ರೆ ಟ್ಯಾಪೆಂಟಡಾಲ್‌ನದು. ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂತು. ಟ್ಯಾಪೆಂಟಡಾಲ್ ಮಾತ್ರೆ ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುವ ಹುಡುಗರ ಸುದ್ದಿ ಕರ್ನಾಟಕದಲ್ಲೂ ಬರುತ್ತಿದೆ. ಚೀಟಿ ಇಲ್ಲದೆ ಕೊಡುವ ಅಂಗಡಿಗಳೂ ಇವೆ ಎಂಬುದು ನಮ್ಮ ವೃತ್ತಿಗೇ ನಾಚಿಕೆ. ಶರಾವತಿಯವರೇ, ಮಾವನಿಗೆ ಮೊದಲು ಕೊಟ್ಟ ಟ್ರಮಡಾಲ್ ಉಳಿದಿದೆಯಾ ನೋಡಿ. ಮಾರ್ಫಿನ್‌ಗೆ ಬೀಗ ಹಾಕಿ ಟ್ರಮಡಾಲ್ ಹೊರಗೆ ಬಿಟ್ಟರೆ ಅರ್ಧ ಕೆಲಸ ಆದಂತೆ.

ನ್ಯೂಜೆರ್ಸಿ ಕನ್ನಡತಿ

ನಾನು ಅಮೆರಿಕದಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದೇನೆ. ಇಲ್ಲಿ ಇದರ ಇನ್ನೊಂದು ತುದಿ ನೋಡಿದ್ದೇವೆ. ತೊಂಬತ್ತರ ದಶಕದ ಕೊನೆಯಿಂದ ಸಾಮಾನ್ಯ ಬೆನ್ನುನೋವಿಗೂ ಮಾರ್ಫಿನ್ ಜಾತಿಯ ಮಾತ್ರೆಗಳನ್ನು ಧಾರಾಳವಾಗಿ ಬರೆದರು. ಆಮೇಲೆ ಕಳ್ಳದಾರಿಯ ಫೆಂಟನಿಲ್ ಬಂತು. 2021ರಿಂದ 2023ರವರೆಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕ ವಸ್ತುಗಳು ಮಿತಿಮೀರಿ ಸತ್ತರು.

ಅದರ ಭಯದಲ್ಲಿ ಪೆಟ್ಟು ಬಿದ್ದದ್ದು ಕ್ಯಾನ್ಸರ್ ರೋಗಿಗಳಿಗೂ. ಈ ಮಾತ್ರೆಗಳನ್ನು ಬರೆಯುವ ಬಗ್ಗೆ 2016ರಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಟ್ಟ ಮಾರ್ಗಸೂಚಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಕೊನೆಯ ಹಂತದವರಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಆದರೂ ಇನ್ಶೂರೆನ್ಸ್ ಕಂಪನಿಗಳು, ಅಂಗಡಿಗಳು ಎಲ್ಲರಿಗೂ ಒಂದೇ ಮಿತಿ ಹಾಕಿದವು. 2019ರಲ್ಲಿ ಸಿಡಿಸಿಯೇ ಮತ್ತೆ ಸ್ಪಷ್ಟನೆ ಕೊಡಬೇಕಾಯಿತು. ಅದಕ್ಕೇ ಭಾರತದವರಿಗೆ ಹೇಳುವುದು, ಅಮೆರಿಕದ ಸುದ್ದಿ ನೋಡಿ ಮನೆಯ ರೋಗಿಯ ಮಾತ್ರೆ ಕಿತ್ತುಕೊಳ್ಳಬೇಡಿ.

ಇಲ್ಲಿನ ಕೆಲವು ಪದ್ಧತಿ ಚೆನ್ನಾಗಿವೆ. ಶುರು ಮಾಡುವ ಮೊದಲು ಪ್ರತಿ ರೋಗಿಗೂ ಒಂದೇ ಪ್ರಶ್ನೆಗಳು: ನಿಮಗೆ ಅಥವಾ ಮನೆಯವರಿಗೆ ಕುಡಿತ, ಮಾದಕ ವಸ್ತು, ಮಾತ್ರೆಗಳ ತೊಂದರೆ ಇತ್ತಾ, ಖಿನ್ನತೆ ಇದೆಯಾ. ಎಲ್ಲರಿಗೂ ಕೇಳುವುದರಿಂದ ಯಾರಿಗೂ ಅವಮಾನ ಅನ್ನಿಸುವುದಿಲ್ಲ. ಅಪಾಯ ಜಾಸ್ತಿ ಕಂಡರೆ ಔಷಧಿ ನಿಲ್ಲಿಸುವುದಿಲ್ಲ, ಕಡಿಮೆ ದಿನಕ್ಕೆ ಕೊಟ್ಟು ಬೇಗ ಬೇಗ ನೋಡುತ್ತಾರೆ. ಇನ್ನೆಲ್ಲಿಂದ ಏನು ಪಡೆದಿದ್ದಾರೆ ಎಂಬುದು ರಾಜ್ಯದ ಕಂಪ್ಯೂಟರ್ ದಾಖಲೆಯಲ್ಲಿ ಕಾಣುತ್ತದೆ. ನ್ಯಾಲೊಕ್ಸೋನ್ ಮೂಗಿಗೆ ಹೊಡೆಯುವ ಸ್ಪ್ರೇ 2023ರಿಂದ ಚೀಟಿ ಇಲ್ಲದೆಯೇ ಸಿಗುತ್ತದೆ. ಅಪಾಯ ಹೆಚ್ಚಿರುವ ಮನೆಗಳಿಗೆ ಮಾತ್ರೆ ಜೊತೆಗೇ ಕೊಟ್ಟು ಕಳಿಸುತ್ತೇವೆ.

ಮೈಸೂರು ಮಲ್ಲಿಗೆ 71

ಎಲ್ಲರೂ ಕೊನೆಯ ಹಂತದ ಬಗ್ಗೆ ಬರೆಯುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಇತ್ತು. ಚಿಕಿತ್ಸೆ ಮುಗಿದು ಎರಡು ವರ್ಷಕ್ಕೂ ಜಾಸ್ತಿ ಆಯಿತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಕೀಮೋ ಆದಮೇಲೆ ಪಾದ ಉರಿ ಎಂದು ಟ್ರಮಡಾಲ್ ಕೊಟ್ಟಿದ್ದರು, ಅದು ಇನ್ನೂ ನಿಂತಿಲ್ಲ. ಈಗ ನಿದ್ದೆ ಬಾರದಿದ್ದರೂ ಒಂದು, ಮಗಳ ಚಿಂತೆ ಹತ್ತಿದರೂ ಒಂದು. ಮಾತ್ರೆ ಬೇಗ ಮುಗಿಯುತ್ತದೆ, ಬೇರೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತಾರೆ. ಕೇಳಿದರೆ ಅಳುತ್ತಾರೆ. ಇಷ್ಟು ಅನುಭವಿಸಿ ಬಂದವಳನ್ನು ಹೇಗೆ ಗದರಿಸಲಿ?

ನೋವಿನ ಡಾಕ್ಟರ್

ಸರ್, ಗದರಿಸಬೇಡಿ. ನೀವು ಇಷ್ಟು ಬಿಚ್ಚಿ ಬರೆದದ್ದು ಒಳ್ಳೆಯದಾಯಿತು. ನಾವು ಡಾಕ್ಟರ್‌ಗಳು ಗಮನ ಕೊಡದೇ ಬಿಡುವ ಜಾಗ ಇದೇ. ಚಿಕಿತ್ಸೆ ಮುಗಿದವರು ಕ್ಯಾನ್ಸರ್ ವಿಭಾಗಕ್ಕೆ ಆರು ತಿಂಗಳಿಗೊಮ್ಮೆ ಬರುತ್ತಾರೆ. ನೋವಿನ ಮಾತ್ರೆಯನ್ನು ಯಾರು ಶುರು ಮಾಡಿದರು, ಯಾರು ನಿಲ್ಲಿಸಬೇಕು ಎಂಬುದು ಯಾರ ಮೇಜಿನ ಮೇಲೂ ಇರುವುದಿಲ್ಲ. ಹಳೆಯ ಚೀಟಿ ಹಾಗೇ ಮುಂದುವರಿಯುತ್ತದೆ. ಗುಣವಾಗಿ ಬಹಳ ವರ್ಷ ಬದುಕುವವರು ಹೆಚ್ಚಾಗುತ್ತಿದ್ದಾರೆ, ಹಾಗಾಗಿ ಈ ಅಪಾಯವೂ ಹೆಚ್ಚುತ್ತಿದೆ.

ನೀವು ಬರೆದದ್ದರಲ್ಲಿ ಮೂರು ಸೂಚನೆಗಳಿವೆ. ನೋವಿಲ್ಲದ ಕಾರಣಕ್ಕೆ ಮಾತ್ರೆ ತೆಗೆದುಕೊಳ್ಳುವುದು, ಹೊತ್ತಿಗೆ ಮೊದಲೇ ಮುಗಿಯುವುದು, ಹಲವು ಡಾಕ್ಟರ್‌ಗಳಿಂದ ಪಡೆಯುವುದು. ಆದರೂ ಮೊದಲು ನೋಡಬೇಕಾದ್ದು ಉರಿ ನಿಜವಾಗಿ ಎಷ್ಟಿದೆ ಎಂಬುದನ್ನು. ಪ್ಯಾಕ್ಲಿಟಾಕ್ಸೆಲ್‌ನಂಥ ಕೀಮೋ ನರಗಳಿಗೆ ಪೆಟ್ಟು ಕೊಡುತ್ತದೆ, ಆ ಉರಿ ವರ್ಷಗಟ್ಟಲೆ ಇರಬಹುದು. ಅದಕ್ಕೆ ಡುಲೊಕ್ಸೆಟಿನ್ ಎಂಬ ಔಷಧಿ ಹೆಚ್ಚು ಹೊಂದುತ್ತದೆ. ಅದನ್ನು ನೀವಾಗಿಯೇ ತರಬೇಡಿ, ಟ್ರಮಡಾಲ್ ಜೊತೆ ಸೇರಿದರೆ ತೊಂದರೆ ಮಾಡುತ್ತದೆ. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಕೂಡ ಬರಬಹುದು.

ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು. ಒಂದು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ತಿಂಗಳಿಗೆ ಹತ್ತರಲ್ಲಿ ಒಂದು ಪಾಲಿನಷ್ಟು, ಅಥವಾ ಇನ್ನೂ ನಿಧಾನವಾಗಿ ಇಳಿಸುತ್ತೇವೆ. ಜೊತೆಗೆ ನಿದ್ದೆ, ಆತಂಕ, ಕಾಯಿಲೆ ಮರಳುವ ಭಯ, ಇವಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಕ್ಯಾನ್ಸರ್ ಗೆದ್ದವರ ಭಯವನ್ನು ಯಾರೂ ಕೇಳುವುದಿಲ್ಲ. "ಗುಣ ಆಯ್ತಲ್ಲ, ಇನ್ನೇನು" ಅನ್ನುತ್ತೇವೆ. ಆಗ ಮಾತ್ರೆಯೇ ಅವರ ಆಸರೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೆಂದೇ ವಿಭಾಗ ಇದೆ. ಮಾತಾಡಲು 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಒಬ್ಬರೇ ಡಾಕ್ಟರ್, ಒಂದೇ ಔಷಧಿ ಅಂಗಡಿ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿಕೊಳ್ಳಿ. ಅವರ ಜೊತೆ ನೀವೂ ಬನ್ನಿ.

ಕರಾವಳಿ ಅಜ್ಜಿ ಮನೆ

ನಮ್ಮ ಅಜ್ಜಿಗೆ ಫೆಂಟನಿಲ್ ಪ್ಯಾಚ್ ಇದೆ, ಎದೆಯ ಮೇಲೆ ಅಂಟಿಸುವುದು. ಮೂರು ದಿನಕ್ಕೊಮ್ಮೆ ಬದಲಾಯಿಸುತ್ತೇವೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ತೆಗೆದ ಪ್ಯಾಚನ್ನು ಕಸದ ಬುಟ್ಟಿಗೆ ಹಾಕಿದರೆ ಸಾಕಲ್ವಾ?

ಹಾಸನದ ಸಿಸ್ಟರ್

ಸಾಕಾಗುವುದಿಲ್ಲ! ಮೂರು ದಿನ ಆದಮೇಲೂ ಪ್ಯಾಚ್‌ನಲ್ಲಿ ಔಷಧಿ ಉಳಿದಿರುತ್ತದೆ. ಮಗು ಬಾಯಿಗೆ ಹಾಕಿಕೊಂಡರೆ ಅಥವಾ ಮೈಗೆ ಅಂಟಿಕೊಂಡರೆ ಪ್ರಾಣಕ್ಕೇ ಅಪಾಯ. ತೆಗೆದ ತಕ್ಷಣ ಅಂಟು ಬದಿ ಒಳಗೆ ಬರುವ ಹಾಗೆ ಮಡಚಿ ಶೌಚಾಲಯದಲ್ಲಿ ಹಾಕಿ ನೀರು ಬಿಡಿ. ಉಳಿದ ಔಷಧಿಗಳ ವಿಲೇವಾರಿ ಬಗ್ಗೆ 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಕೊಟ್ಟ ಮಾರ್ಗಸೂಚಿಯಲ್ಲಿ ಹೀಗೆ ಹಾಕಬೇಕಾದ ಔಷಧಿಗಳ ಪಟ್ಟಿ ಇದೆ. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್, ಟ್ಯಾಪೆಂಟಡಾಲ್ ಅದರಲ್ಲಿವೆ. ಆ ಪಟ್ಟಿಯಲ್ಲಿ ಇಲ್ಲದ ಔಷಧಿಗಳನ್ನು ಹೀಗೆ ಹಾಕಬೇಡಿ.

ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಡಬಾರದು. ಬಿಸಿಗೆ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ, ಜೋರು ಜ್ವರ ಬಂದರೂ ಹಾಗೇ. ಅಜ್ಜಿ ಮಗುವನ್ನು ಎದೆಗೆ ಒರಗಿಸಿಕೊಳ್ಳುತ್ತಾರೆ ಅಂದರೆ ಪ್ಯಾಚನ್ನು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಬಹುದು, ಡಾಕ್ಟರ್ ಹತ್ತಿರ ಕೇಳಿ. ದಿನಾ ಸ್ನಾನದ ಹೊತ್ತಿಗೆ ಅದು ಜಾಗದಲ್ಲೇ ಇದೆಯಾ ಎಂದು ಕೈಯಿಂದ ಮುಟ್ಟಿ ನೋಡಿ.

ಶರಾವತಿ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸ್ಪತ್ರೆಗೆ ಹೋಗಿ ಬಂದೆವು. ಅತ್ತೆ ನಳಿಕೆ ಶುಚಿ ಮಾಡಿಸುವಾಗ ನಾನು ಸಿಸ್ಟರ್ ಹತ್ತಿರ ಮೈದುನನ ವಿಷಯ ಹೇಳಿದೆ. ಅವರು ಹುಬ್ಬೂ ಏರಿಸಲಿಲ್ಲ. ಇನ್ನು ವಾರಕ್ಕೊಮ್ಮೆ ಮಾತ್ರೆ, ಖಾಲಿ ಪಟ್ಟಿ ತರಬೇಕು. ಕೀಲಿ ನನ್ನ ಗಂಡನ ಹತ್ತಿರ. ಹಳೆಯ ಟ್ರಮಡಾಲ್ ಅರ್ಧ ಡಬ್ಬಿ ಸಿಕ್ಕಿತು, ವಾಪಸ್ ಕೊಟ್ಟೆವು. ಡಾಕ್ಟರ್ ಮಾವನ ಹತ್ತಿರವೇ ಕೂತು ಚಟದ ಭಯದ ಬಗ್ಗೆ ಮಾತಾಡಿದರು. ಅವರು ಈಗ ಹೊತ್ತು ತಪ್ಪಿಸುತ್ತಿಲ್ಲ. ಮೈದುನನಿಗೆ ನನ್ನ ಗಂಡ ನೇರವಾಗಿ ಹೇಳಿದರು, "ನಿನ್ನ ಮೇಲಿನ ಸಿಟ್ಟಿಗೆ ಬೀಗ ಹಾಕಿದ್ದಲ್ಲ, ಇದನ್ನು ಕುಡಿದು ನುಂಗಿದರೆ ನೀನು ಉಳಿಯುವುದಿಲ್ಲ." ಅವನು ಏನೂ ಮಾತಾಡಲಿಲ್ಲ. 14446 ಬರೆದು ಕೊಟ್ಟಿದ್ದೇವೆ, ನೋಡೋಣ.

ಇನ್ನೊಂದು ಪ್ರಶ್ನೆ. ಮುಂದಿನ ವಾರ ನಾದಿನಿ ಮಗಳ ಮದುವೆ, ಮಾವನೂ ಬರಬೇಕು ಅನ್ನುತ್ತಿದ್ದಾರೆ. ಎರಡು ರಾತ್ರಿ ಹೊರಗೆ. ಮಾರ್ಫಿನ್ ಜೊತೆಯಲ್ಲಿ ಒಯ್ಯಬಹುದಾ? ಪೊಲೀಸರು ಹಿಡಿದರೆ?

ಧಾರವಾಡ ಫಾರ್ಮಸಿ

ಖಂಡಿತ ಕರೆದುಕೊಂಡು ಹೋಗಿ. ರೋಗಿಯ ಹೆಸರಿಗೆ ಬರೆದ ಮಾತ್ರೆಯನ್ನು ರೋಗಿಯ ಜೊತೆ ಒಯ್ಯುವುದು ತಪ್ಪಲ್ಲ. ಚೀಟಿಯ ಮೂಲ ಪ್ರತಿ, ಆಸ್ಪತ್ರೆಯ ಪುಸ್ತಕ ಜೊತೆಯಲ್ಲಿರಲಿ. ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಬೇಡಿ, ಪಟ್ಟಿಯ ಮೇಲಿನ ಹೆಸರು ಕಾಣಬೇಕು. ಎರಡು ರಾತ್ರಿಗೆ ಬೇಕಾದಷ್ಟು, ಜೊತೆಗೆ ಬಸ್ ತಡವಾದರೆ ಎಂದು ಇನ್ನೊಂದು ದಿನದ್ದು ಸಾಕು, ಉಳಿದದ್ದು ಪೆಟ್ಟಿಗೆಯಲ್ಲೇ ಇರಲಿ. ಮದುವೆ ಮನೆಯಲ್ಲಿ ಬ್ಯಾಗು ಕೋಣೆಯಲ್ಲಿ ಬಿಡಬೇಡಿ, ನಿಮ್ಮ ಯಜಮಾನರ ಹೆಗಲಲ್ಲೇ ಇರಲಿ. ಗಲಾಟೆಯಲ್ಲಿ ಹೊತ್ತು ಮರೆತುಹೋಗುತ್ತದೆ, ಮೊಬೈಲಿನಲ್ಲಿ ನಾಲ್ಕು ಗಂಟೆಗೊಂದು ಅಲಾರಂ ಇಟ್ಟುಕೊಳ್ಳಿ. ಯಾರಾದರೂ ನೆಂಟರು "ನನಗೂ ಮಂಡಿ ನೋವು, ಒಂದು ಕೊಡಮ್ಮ" ಅಂದರೆ ಕೊಡಲೇಬೇಡಿ.